ಚೀಟಿಗೆ ಬಾರದ ಸೊನ್ನೆ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಆ ಕಾರ್ಖಾನೆಯಲ್ಲಿ ಅಂಟಿನ ಡಬ್ಬಿಗಳನ್ನು ಕಿಟಕಿಯ ಹತ್ತಿರ ಇಡುತ್ತಾರೋ, ಇಲ್ಲ ಮೂಗಿನ ಕೆಳಗೇ ಇಟ್ಟುಕೊಂಡು ಕೂರುತ್ತಾರೋ? ಬಾಯಿಗೆ ಬಟ್ಟೆ ಕಟ್ಟಿಕೋ ಎಂದರೆ ನೀನು ಕೇಳುವವನಲ್ಲ. ಆದರೂ ಹೇಳುತ್ತೇನೆ, ಕಟ್ಟಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದು ನಂಬಿಕೊಂಡಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ನನ್ನ ಮಗಳಿಗೆ ನೀನು ಬರೆಯುವ ಕಾರ್ಡುಗಳಲ್ಲಿ ಎರಡು ಸಾಲಿಗಿಂತ ಹೆಚ್ಚು ಇರುವುದಿಲ್ಲ, ಅದರಲ್ಲೂ ಒಂದು ಸಾಲು ಅಲ್ಲಿಯ ಚಳಿಯ ಬಗ್ಗೆ. ಬಂದ ಮೂರು ಕಾರ್ಡುಗಳನ್ನೂ ಅವಳು ಓದುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ಕೊನೆಯದರ ಮೂಲೆಯಲ್ಲಿ ನಿನ್ನ ವಿಳಾಸವಿತ್ತು. ಅವಳು ಶಾಲೆಗೆ ಹೋದ ಮೇಲೆ ಕುರ್ಚಿ ಹತ್ತಿ ಅದನ್ನು ಬರೆದುಕೊಂಡೆ. ಕೇಳಿದ್ದರೆ ಅವಳೇ ಕೊಡುತ್ತಿದ್ದಳು. ಆದರೆ "ಮಾಮನಿಗೆ ಮತ್ತೆ ಬೈದು ಬರೀತೀಯಾ ಅಮ್ಮ?" ಎಂದು ಕೇಳಿಬಿಟ್ಟರೆ ಏನು ಹೇಳಲಿ ಎಂದು ಹೆದರಿದೆ. ನನ್ನ ಮಗಳಿಗೆ ನಾನು ಹೆದರುವ ಕಾಲ ಬಂತು ನೋಡು.

ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಭಾವನ ಕನ್ನಡಕ ಈ ವರ್ಷದಲ್ಲಿ ಎರಡನೇ ಸಲ ಮುರಿಯಿತು, ಎರಡು ಸಲವೂ ಅದರ ಮೇಲೆ ಕೂತವರು ಅವರೇ, ಎರಡು ಸಲವೂ ಬೈಸಿಕೊಂಡದ್ದು ಕುರ್ಚಿ. ಮಗಳು ನನ್ನ ಭುಜ ದಾಟಿದ್ದಾಳೆ. ನೀನು ಮಾಡಿಕೊಟ್ಟ ಕಂದು ಬೂಟು ಕಾಲಿಗೆ ಹಿಡಿಸುತ್ತಿಲ್ಲ, ಆದರೂ ಯಾರಿಗೂ ಕೊಡಲು ಬಿಡುತ್ತಿಲ್ಲ. ಅಂಗಡಿಯಲ್ಲಿ ಮೇಸ್ತ್ರಿ ಇದ್ದ ಹಾಗೇ ಇದ್ದಾರೆ, ಬಾಯಿ ತುಂಬ ಮೊಳೆ, ಮೊಳೆ ತೆಗೆದರೆ ಬಾಯಿ ತುಂಬ ದೂರು. ಹೊಲಿಗೆಯಕ್ಕ ಹೊಸ ಮಿಷನ್ನಿಗೆ ಇನ್ನೂ ಒಗ್ಗಿಕೊಂಡಿಲ್ಲ, ಅದನ್ನು ಪುಸಲಾಯಿಸಿ ಪುಸಲಾಯಿಸಿ ಕೆಲಸ ಮಾಡಿಸುತ್ತಾಳೆ.

ಅಳತೆಯನ್ನು ಈಗ ನಾನೇ ತೆಗೆಯುತ್ತೇನೆ. ನೀನು ಮಾಡುತ್ತಿದ್ದ ಹಾಗೆಯೇ ಬಂದವರನ್ನು ಮೊದಲು ಕಿಟಕಿಯವರೆಗೆ ನಡೆಸಿ ವಾಪಸು ಕರೆಯುತ್ತೇನೆ. ಹಳೆಯ ಬೂಟು ತಿರುಗಿಸಿ ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡುತ್ತೇನೆ. ನೋಡುವುದೇನೋ ನೋಡುತ್ತೇನೆ, ನಿನಗೆ ಕಾಣುತ್ತಿದ್ದದ್ದು ನನಗೆ ಕಾಣುವುದಿಲ್ಲ. ನೀನು ಆ ಅಟ್ಟೆಯನ್ನು ಬೆಳಕಿಗೆ ಹಿಡಿದು "ನೀವು ಭಾರ ಎಲ್ಲಾ ಎಡಗೈಯಲ್ಲೇ ಹೊರೋರು ಅಲ್ವಾ?" ಎನ್ನುತ್ತಿದ್ದೆ, ಅವರು ಬೆರಗಾಗಿ ತಮ್ಮ ಕೈ ತಾವೇ ನೋಡಿಕೊಳ್ಳುತ್ತಿದ್ದರು. ನನ್ನ ಕಣ್ಣಿಗೆ ಸವೆದ ಅಟ್ಟೆ ಎಂದರೆ ಸವೆದ ಅಟ್ಟೆ, ಅಷ್ಟೇ. ಕಿಟಕಿಯ ಪಕ್ಕ ನಿನ್ನ ಸ್ಟೂಲು ಇದ್ದಲ್ಲೇ ಇದೆ. ಅದರ ಮೇಲೆ ಯಾರೂ ಕೂರುವುದಿಲ್ಲವಾದ್ದರಿಂದ ಚರ್ಮದ ತುಂಡುಗಳನ್ನು ಪೇರಿಸಿದ್ದೇವೆ. ಬಾಗಿಲಿನ ಗಂಟೆ ಸದ್ದಾದಾಗಲೆಲ್ಲ, ಟೀ ತರಲು ಹೋದವನು ನೀನು ಬಂದೆ ಎಂದು ಒಂದು ಕ್ಷಣ ಅನ್ನಿಸುತ್ತದೆ. ಹನ್ನೊಂದು ತಿಂಗಳಾದರೂ ಅನ್ನಿಸುತ್ತದೆ. ಅದಕ್ಕೆ ಏನು ಮಾಡಬೇಕೋ ನನಗೆ ತಿಳಿಯದು.

ಸರಿ, ಸುತ್ತಿ ಬಳಸಿ ಮಾತಾಡುವುದು ನನ್ನ ಸ್ವಭಾವವಲ್ಲ ಎಂದು ಊರಿಗೆಲ್ಲ ಸಾರಿಕೊಂಡು ತಿರುಗುವವಳು ನಾನು, ಈಗ ಎರಡು ಹಾಳೆ ಸುತ್ತಿದ್ದಾಯಿತು. ಈ ಪತ್ರವನ್ನು ಮೂರು ವಾರಗಳಿಂದ ಬರೆಯುತ್ತಿದ್ದೇನೆ. ನಾಲ್ಕು ಹರಿದು ಹಾಕಿದೆ. ಫೋನನ್ನು ನೀನು ಎತ್ತುವುದಿಲ್ಲ, ಎತ್ತಿದರೂ ನಾನು ಹಲೋ ಎನ್ನುವ ರೀತಿಗೇ ಜಗಳ ಶುರುವಾಗುತ್ತದೆ. ಕಾಗದದಲ್ಲಾದರೆ ನೀನು ಮಧ್ಯೆ ಎದ್ದು ಹೋಗಲಾರೆ, ನಾನು ಮಧ್ಯೆ ಕೂಗಲಾರೆ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಸಹಿಸಿಕೋ.

ನಾನು ಲೈಬ್ರರಿಯಲ್ಲಿ ಅಂಗಡಿಯವರಿಗೆಂದು ನಡೆಸಿದ, ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ಕ್ಲಾಸಿಗೆ ಸೇರಿದ್ದು ನಿನಗೆ ನೆನಪಿರಬೇಕು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಸರ್ಟಿಫಿಕೇಟು ತಂದು, ಚೌಕಟ್ಟು ಹಾಕಿಸಿ, ನಿನ್ನ ಕೈಯಲ್ಲೇ ಮೊಳೆ ಹೊಡೆಸಿದೆ. ನೀನು ಸ್ಟೂಲಿನ ಮೇಲೆ ನಿಂತು, ಕಿವಿಯ ಮೇಲಿನ ಪೆನ್ಸಿಲ್ ಬೀಳದ ಹಾಗೆ ಕತ್ತು ಓರೆ ಮಾಡಿ, "ಅಕ್ಕಾ, ನಿನ್ನ ಕಂಪ್ಯೂಟರ್ ಪೆಟ್ಟಿಗೆಗೆ ಒಂದು ಕಾಲು ತೋರ್ಸು, ಅಳೆಯುತ್ತೋ ನೋಡೋಣ" ಎಂದಿದ್ದೆ. ನಕ್ಕೆ, ಆದರೆ ಒಳಗೊಳಗೆ ಉರಿದುಹೋಯಿತು. ಅಷ್ಟಕ್ಕೇ ನಿಲ್ಲಿಸದೆ, ಅಂಗಡಿಯ ಅಳತೆ ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿದೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಆಬ್ಜೆಕ್ಟ್. ನಿನಗೆ ಈ ಮಾತುಗಳೆಂದರೆ ಆಗುವುದಿಲ್ಲ, ಆದ್ದರಿಂದ ಒಂದು ಪೆಟ್ಟಿಗೆ ಎಂದುಕೋ. ಅದರೊಳಗೆ ಸಣ್ಣ ಸಣ್ಣ ಖಾನೆಗಳು, ಪ್ರತಿ ಖಾನೆಗೂ ಒಂದು ಹೆಸರು, ಹೆಸರಿನ ಮುಂದೆ ಅದರ ಅಳತೆ. ಎಡಪಾದದ ಉದ್ದ, ಬಲಪಾದದ ಉದ್ದ, ಬೆರಳಿನ ಅಗಲ, ಎರಡು ಕಾಲುಗಳ ಎತ್ತರದಲ್ಲಿರುವ ವ್ಯತ್ಯಾಸ. ಹೀಗೆ ನಲವತ್ತು ಖಾನೆ. ಕಾಲಿನ ತೊಂದರೆ ಇರುವವರಿಗೇ ನಾವು ಬೂಟು ಮಾಡುವುದರಿಂದ ಇಷ್ಟೆಲ್ಲ ಬೇಕು, ಆದರೆ ಎಲ್ಲರಿಗೂ ಎಲ್ಲವೂ ಬೇಡ. ಮೇಸ್ತ್ರಿಗೆ ಕೊಡುವ ಅಳತೆ ಚೀಟಿ ಮುದ್ರಿಸಿದರೆ ಅರ್ಧಕ್ಕಿಂತ ಹೆಚ್ಚು ಸಾಲು ಖಾಲಿ. "ಇದೇನಮ್ಮಾ, ಚೀಟಿನೋ ಚಾದರಾನೋ?" ಎಂದು ಮೇಸ್ತ್ರಿ ರೇಗಿದರು.

ಅದಕ್ಕೆ ನಾನು ಫಿಲ್ಟರ್ ಬರೆದೆ. ಪೆಟ್ಟಿಗೆಯಲ್ಲಿರುವುದನ್ನೆಲ್ಲ ಹೆಸರು ಅಳತೆ, ಹೆಸರು ಅಳತೆ ಎಂದು ಜೊತೆ ಜೊತೆಯಾಗಿ ಹೊರಗೆ ಸಾಲು ನಿಲ್ಲಿಸುವುದು, ಒಂದೊಂದು ಜೊತೆಗೂ ಒಂದು ಪ್ರಶ್ನೆ ಕೇಳುವುದು, ಹೌದು ಎಂದು ಉತ್ತರ ಬಂದವನ್ನು ಮಾತ್ರ ಒಂದು ಹೊಸ ಪೆಟ್ಟಿಗೆಗೆ ಹಾಕಿ ಚೀಟಿಗೆ ಕಳಿಸುವುದು. ನಾನು ಕೇಳಿದ ಪ್ರಶ್ನೆ ಬಹಳ ಚಿಕ್ಕದು: ಇಲ್ಲಿ ಏನಾದರೂ ಇದೆಯೇ? ಇಷ್ಟೇ. ಇದನ್ನು ಒಂದೇ ಸಾಲಿನಲ್ಲಿ ಬರೆದದ್ದಕ್ಕೆ ಕ್ಲಾಸಿನ ಟೀಚರಮ್ಮ ಎಲ್ಲರೆದುರು ಹೊಗಳಿದರು. ಚೀಟಿ ಹನ್ನೆರಡು ಸಾಲಿಗೆ ಇಳಿಯಿತು. ಮೇಸ್ತ್ರಿಗೆ ನಾನೇ ಕಟ್ಟಪ್ಪಣೆ ಮಾಡಿದೆ, ಚೀಟಿಯಲ್ಲಿ ಇಲ್ಲದ್ದು ಏನಾದರೂ ಇದ್ದರೆ ಆ ಗಿರಾಕಿಯ ಹಳೆಯ ಜೋಡಿ ಹೇಗಿತ್ತೋ ಹಾಗೆ ಮಾಡಿ ಎಂದು. ನನ್ನ ಹೆಮ್ಮೆಗೆ ಆ ತಿಂಗಳು ಲಗಾಮೇ ಇರಲಿಲ್ಲ. ಅದೇ ಸಾಲನ್ನು ನಕಲು ಮಾಡಿ ಗೋಡೆಯ ಪಟ್ಟಿಗೂ ಹಾಕಿದೆ, ಹಿಂದಿನ ದಿನ ಯಾರು ಎಷ್ಟು ಜೋಡಿಗೆ ಕೆಲಸ ಮಾಡಿದರು ಎಂದು ದಿನಾ ಬೆಳಗ್ಗೆ ಹಚ್ಚುತ್ತೇನಲ್ಲ, ಅದಕ್ಕೆ. ಮೇಸ್ತ್ರಿ, ಹೊಲಿಗೆಯಕ್ಕ, ಪೆನ್ಸಿಲ್. ನಿನ್ನನ್ನು ಮೇಸ್ತ್ರಿ ಕರೆಯುತ್ತಿದ್ದ ಹೆಸರನ್ನೇ ಹಾಕಿದ್ದೆ. ಇಡೀ ದಿನ ಉಳಿಗಳಿಗೆ ಸಾಣೆ ಹಿಡಿದ ಮಾರನೆಯ ದಿನ ಮೇಸ್ತ್ರಿಯ ಹೆಸರು ಪಟ್ಟಿಯಲ್ಲಿ ಇರುತ್ತಿರಲಿಲ್ಲ. "ನಾನೇನು ಸತ್ತೋದ್ನಾ?" ಎಂದು ಅವರು ಪಟ್ಟಿಯ ಮುಂದೆ ನಿಂತು ಕೇಳುತ್ತಿದ್ದರು, ನಾವು ಮೂವರೂ ನಗುತ್ತಿದ್ದೆವು. ನಕ್ಕು ಸುಮ್ಮನಾದೆ. ಆ ಮುದುಕ ನನ್ನ ತಪ್ಪನ್ನು ವಾರಕ್ಕೊಂದು ಸಲ ಕೂಗಿ ಹೇಳುತ್ತಿದ್ದ, ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಆಮೇಲೆ ಚಟಪಟಿ ಬಂದಳು. ಅವಳ ಹೆಸರು ಬರೆಯುವಾಗಲೇ ಕೈ ತಡೆಯುತ್ತದೆ. ಬಲಗಾಲು ಹನ್ನೆರಡು ಮಿಲಿಮೀಟರ್ ಗಿಡ್ಡ ಎಂದು ಐದು ವರ್ಷದವಳಾಗಿದ್ದಾಗಿನಿಂದ ನಮ್ಮ ಬೂಟಿನಲ್ಲೇ ನಡೆದವಳು, ಬಾಯಿ ಮುಚ್ಚಿ ಒಂದು ನಿಮಿಷ ಕೂತವಳಲ್ಲ. ಆಪರೇಷನ್ ಆಗಿ, ಎರಡು ವರ್ಷ ಕಳೆದು, ಕಾಲುಗಳು ಸಮಕ್ಕೆ ಬಂದಿದ್ದವು. ನೀನು ಅವಳನ್ನು ಮೂರು ಸಲ ಕಿಟಕಿಯವರೆಗೆ ನಡೆಸಿದೆ, ಮೂರು ಸಲ ಅಳೆದೆ, ಆಮೇಲೆ ಅವಳನ್ನು ಎತ್ತಿ ಸ್ಟೂಲಿನ ಮೇಲೆ ನಿಲ್ಲಿಸಿ "ಇನ್ಮೇಲೆ ನಿನಗೆ ಎಲ್ಲರ ಥರದ್ದೇ ಬೂಟು ಕಣೇ" ಎಂದೆ. ಅವಳ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಹೊಸ ಬೂಟು ತಯಾರಾಯಿತು, ಅವಳು ಹಾಕಿಕೊಂಡು ಹೋದಳು. ಇಪ್ಪತ್ತು ದಿನಕ್ಕೆ ಆ ತಾಯಿ ಒಬ್ಬಳೇ ಬಂದಳು, ಬೂಟುಗಳನ್ನು ತಂದು ಮೇಜಿನ ಮೇಲೆ ಕುಕ್ಕಿದಳು. ಬಲಗಡೆಯದರಲ್ಲಿ ಹನ್ನೆರಡು ಮಿಲಿಮೀಟರಿನ ಎತ್ತರ ಹಾಗೇ ಇತ್ತು. ಹುಡುಗಿಗೆ ಸೊಂಟನೋವು ಬಂದು, ಮತ್ತೆ ಕುಂಟಲು ಶುರುಮಾಡಿ, ಶಾಲೆಯ ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಅಂಗಡಿ ತುಂಬ ಜನರಿದ್ದರು. ಮೇಸ್ತ್ರಿ ಚೀಟಿ ತಂದು ತೋರಿಸಿದರು. ವ್ಯತ್ಯಾಸದ ಸಾಲೇ ಅದರಲ್ಲಿ ಇರಲಿಲ್ಲ. ಇಲ್ಲದ್ದರಿಂದ ಅವರು ಹಳೆಯ ಜೋಡಿಯಂತೆ ಮಾಡಿದ್ದರು, ನಾನು ಹೇಳಿದ್ದ ಹಾಗೆ.

ಆಗ ನಾನು ಮಾಡಿದ್ದು ನಿನಗೆ ಗೊತ್ತು. ಆ ಚೀಟಿಯನ್ನು ನಿನ್ನ ಮುಖದ ಮುಂದೆ ಹಿಡಿದು "ಎಲ್ಲಿದೆ ತೋರ್ಸು, ಎಲ್ಲಿ ಬರ್ದಿದೀಯ?" ಎಂದು ಕೂಗಿದೆ. ನೀನು "ಬರ್ದಿದೀನಿ ಅಕ್ಕ, ಸೊನ್ನೆ ಅಂತ ಬರ್ದಿದೀನಿ" ಎಂದೆ. ನಾನು ಬಾಯಿಗೆ ಬಂದ ಹಾಗೆ ಅಂದೆ. ಮರೆಗುಳಿ ಎಂದೆ, ಮಗುವಿನ ಕಾಲಿಗಿಂತ ನಿನ್ನ ಹರಟೆಯೇ ನಿನಗೆ ಹೆಚ್ಚು ಎಂದೆ, ಕೊನೆಗೆ ಜನರೆದುರಿಗೆ ಸುಳ್ಳ ಎಂದೆ. ನೀನು ಏಪ್ರನ್ ಬಿಚ್ಚಿ, ಮಡಚಿ, ಸ್ಟೂಲಿನ ಮೇಲಿಟ್ಟು ಹೋದೆ. ಮಡಚಿಟ್ಟು ಹೋದದ್ದೇ ನನ್ನನ್ನು ಇವತ್ತಿಗೂ ಸುಡುತ್ತದೆ. ಬಿಸಾಡಿ ಹೋಗಿದ್ದರೆ ನಾನೂ ಎಷ್ಟೋ ಸಮಾಧಾನವಾಗಿ ಇರುತ್ತಿದ್ದೆ.

ಮೂರು ವಾರದ ಹಿಂದೆ ಒಬ್ಬರು ಹಳೆಯ ಗಡಿಯಾರ ರಿಪೇರಿಯವರು ಬಂದರು. ಅವರ ಕಾಲಿಗೆ ಏನೂ ಆಗಿಲ್ಲ, ಅನುಮಾನವೇ ಅವರ ಕಾಯಿಲೆ. ಅಳತೆ ತೆಗೆದು, ನಿಮ್ಮ ಎರಡು ಕಾಲೂ ಸಮ ಎಂದು ಹೇಳಿ, ವ್ಯತ್ಯಾಸದ ಮುಂದೆ ಅವರ ಕಣ್ಣೆದುರೇ ಸೊನ್ನೆ ಒತ್ತಿದೆ. ಚೀಟಿ ಬಂತು. ಅವರು ಭೂತಗನ್ನಡಿ ತೆಗೆದು ಒಂದೊಂದೇ ಸಾಲು ಓದಿ, "ಸಮ ಅಂತ ನೀವೇ ಅಂದ್ರಿ, ಇದರಲ್ಲಿ ಎಲ್ಲಮ್ಮಾ?" ಎಂದರು. ಇದೆ ಎಂದು ಇಸಿದುಕೊಂಡು ನೋಡಿದೆ, ಇಲ್ಲ. ನನ್ನ ಬೆರಳು ಇನ್ನೂ ಕೀಲಿಯ ಹತ್ತಿರವೇ ಇತ್ತು ಕಣೋ. ಒತ್ತಿದವಳು ನಾನೇ. ಬೈಯಲು ಅಲ್ಲಿ ನೀನೂ ಇರಲಿಲ್ಲ.

ಅವರನ್ನು ಕಳಿಸಿ, ಬಾಗಿಲ ಚಿಲಕ ಹಾಕಿ ಕೂತೆ. ಫಿಲ್ಟರಿಗೆ ಹೋಗುವ ಮುಂಚಿನ ಪೆಟ್ಟಿಗೆ ತೆರೆದು ನೋಡಿದರೆ ಸೊನ್ನೆ ಇದೆ, ಫಿಲ್ಟರಿನಿಂದ ಬಂದ ಪೆಟ್ಟಿಗೆಯಲ್ಲಿ ಆ ಖಾನೆಯೇ ಇಲ್ಲ. ಆಗ ಅರ್ಥವಾಯಿತು. ಇಲ್ಲಿ ಏನಾದರೂ ಇದೆಯೇ ಎಂದು ಅಷ್ಟು ಚಿಕ್ಕದಾಗಿ ಕೇಳಿದರೆ, ಜಾವಾಸ್ಕ್ರಿಪ್ಟ್ ಸೊನ್ನೆಗೂ ಇಲ್ಲ ಎಂದೇ ಉತ್ತರಿಸುತ್ತದೆ. ತುಂಬದೆ ಬಿಟ್ಟ ಖಾನೆಯೂ, ಅಳೆದು ನೋಡಿ ಸೊನ್ನೆ ಎಂದು ಬರೆದ ಖಾನೆಯೂ ಅದಕ್ಕೆ ಒಂದೇ. ಇದನ್ನು ಟೀಚರಮ್ಮ ಕ್ಲಾಸಿನಲ್ಲಿ ಹೇಳಿಯೂ ಇದ್ದರು, ನನ್ನ ನೋಟ್ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಬರೆದುಕೊಂಡಿದ್ದೇನೆ. ಬರೆದುಕೊಂಡು ಮರೆತವಳು ನಾನು, ಮರೆಗುಳಿ ಅನ್ನಿಸಿಕೊಂಡವನು ನೀನು. ಇನ್ನೊಂದು ಮಾತು ಹೇಳಬೇಕು, ಅದೇ ನನ್ನನ್ನು ಹೆಚ್ಚು ಕೊಂದದ್ದು. ಫಿಲ್ಟರ್ ಮೂಲ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಬೇಕಾದ್ದನ್ನು ಆರಿಸಿ ಹೊಸದೊಂದು ಮಾಡಿಕೊಡುತ್ತದೆ, ಮೊದಲಿನದು ಮೊದಲಿನಂತೆ ಉಳಿಯುತ್ತದೆ. ಚಟಪಟಿಯ ಪೆಟ್ಟಿಗೆ ತೆರೆದೆ. ವ್ಯತ್ಯಾಸ, ಸೊನ್ನೆ. ಅಳೆದ ತಾರೀಖು. ಅಳೆದವರು, ಪೆನ್ಸಿಲ್. ಷರಾ ಎಂಬ ಖಾನೆಯಲ್ಲಿ ನೀನು "ಮೂರು ಸಲ ನೋಡಿದೆ" ಎಂದೂ ಒತ್ತಿದ್ದೆ. ಆ ಖಾನೆಯನ್ನು ಚೀಟಿಗೆ ಬೇಡವೆಂದು ಮೊದಲೇ ತೆಗೆದಿದ್ದವಳೂ ನಾನೇ. ಅಂದು ಕೂಗುವ ಮೊದಲು ನಾಲ್ಕು ಹೆಜ್ಜೆ ನಡೆದು ಕಂಪ್ಯೂಟರಿನಲ್ಲಿ ನೋಡಿದ್ದರೆ ಸಾಕಿತ್ತು. ಎಲ್ಲವೂ ಅಲ್ಲೇ ಇತ್ತು, ಹನ್ನೊಂದು ತಿಂಗಳೂ ಅಲ್ಲೇ ಇತ್ತು. ಆ ಮಧ್ಯಾಹ್ನ ಮೇಜಿಗೆ ತಲೆ ಇಟ್ಟು ಅತ್ತೆ.

ಪ್ರಶ್ನೆಯನ್ನು ಅಂದೇ ತಿದ್ದಿದೆ. ಈಗ ಅದು ಇಲ್ಲಿ ಏನಾದರೂ ಇದೆಯೇ ಎಂದು ಕೇಳುವುದಿಲ್ಲ, ಈ ಖಾನೆಯನ್ನು ತುಂಬದೆ ಬಿಟ್ಟಿದ್ದಾರೆಯೇ ಎಂದು ಕೇಳುತ್ತದೆ, ಬಿಟ್ಟಿದ್ದರೆ ಮಾತ್ರ ತೆಗೆಯುತ್ತದೆ. ಮೊದಲಿನಷ್ಟು ಚಿಕ್ಕದಾಗಿಲ್ಲ, ಟೀಚರಮ್ಮ ಹೊಗಳುವ ಹಾಗೂ ಇಲ್ಲ. ಮಾರನೆಯ ದಿನ ಮೇಸ್ತ್ರಿಗೂ ಹೊಲಿಗೆಯಕ್ಕನಿಗೂ ಹೇಳಿದೆ. ಮೇಸ್ತ್ರಿ ಮೊಳೆಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೇಳಿಸಿಕೊಂಡರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಚಟಪಟಿಯ ಮನೆಗೆ ಹೋದೆ, ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಬಾಗಿಲು ತೆಗೆದವಳು ಅವಳೇ. ಕೈ ಕೂಡಿಕೊಂಡಿದೆ, ನೆಟ್ಟಗೆ ನಡೆಯುತ್ತಾಳೆ, ಬಾಯಿ ಹಾಗೇ ಇದೆ. ಅವಳ ಅಮ್ಮನ ಮುಂದೆ ನಿಂತು ತಪ್ಪು ನನ್ನದು, ನನ್ನ ತಮ್ಮನದಲ್ಲ ಎಂದೆ. ಆಕೆ "ಹಾಗಾದ್ರೆ ಅವರನ್ನ ಯಾಕೆ ಕಳಿಸಿಬಿಟ್ರಿ?" ಎಂದಳು. ಮೂರು ಮಹಡಿ ಇಳಿಯುವಾಗಲೂ ಅದನ್ನೇ ನನ್ನನ್ನು ನಾನು ಕೇಳಿಕೊಂಡೆ. ಗೋಡೆಯ ಮೇಲಿನ ಆ ಸರ್ಟಿಫಿಕೇಟು ಸುಳ್ಳಾಗುವುದಕ್ಕಿಂತ ನೀನು ಸುಳ್ಳನಾಗುವುದು ನನಗೆ ಸುಲಭವಾಗಿ ಕಂಡಿತು, ಅಷ್ಟೇ ಇರಬೇಕು. ಇದನ್ನು ಬರೆಯಲಿಕ್ಕೆ ನಾಲ್ಕು ಹಾಳೆ ಹರಿದದ್ದು.

ತಮ್ಮಾ, ನನ್ನದು ತಪ್ಪಾಯಿತು. ಚಿಕ್ಕಂದಿನಲ್ಲಿ ನಾನು ಒಡೆದ ಲೋಟಕ್ಕೆಲ್ಲ ನೀನು ಹೊಡೆತ ತಿಂದಿದ್ದೀಯ, ಆಗ ನಗುತ್ತಿದ್ದೆ, ಈಗ ನಗು ಬರುವುದಿಲ್ಲ. ನಿನ್ನನ್ನು ಕಂಡು ಇದನ್ನು ಬಾಯಿಬಿಟ್ಟು ಹೇಳಬೇಕೆಂದು ಆಸೆ. ಅಲ್ಲಿ ನಿನಗೆ ಹಿಡಿಸಿದ್ದರೆ ಇರು, ನಾನು ಬಲವಂತ ಮಾಡುವವಳಲ್ಲ. ನೋಡು, ಬಲವಂತ ಮಾಡುವವಳಲ್ಲ ಎಂದು ನಾನೇ ಬರೆದಿದ್ದೇನೆ, ಓದಿ ನೀನು ನಗುತ್ತೀಯ. ನಗು, ಪರವಾಗಿಲ್ಲ. ಈ ಪತ್ರದ ಜೊತೆ ಚಟಪಟಿಯ ಅಂದಿನ ಚೀಟಿಯನ್ನು ಹೊಸ ಫಿಲ್ಟರಿನಿಂದ ತೆಗೆದು ಇಟ್ಟಿದ್ದೇನೆ. ಕೆಳಗಿನಿಂದ ಮೂರನೇ ಸಾಲು ನೋಡು. ಅದೇ ಚೀಟಿಯ ಇನ್ನೊಂದು ಪ್ರತಿಯನ್ನು ಸರ್ಟಿಫಿಕೇಟಿನ ಚೌಕಟ್ಟಿನಲ್ಲಿ, ಸರ್ಟಿಫಿಕೇಟಿನ ಮೇಲೆಯೇ ಹಾಕಿಸಿದ್ದೇನೆ, ಬಂದವರೆಲ್ಲ ಓದಲಿ ಎಂದು.

ನಿನ್ನ ಭಾವ ಕನ್ನಡಕವಿಲ್ಲದ ಕಣ್ಣಿನಿಂದಲೇ ನೆನಪುಗಳನ್ನು ತಿಳಿಸಿದ್ದಾರೆ. ಮಗಳಿಗೆ ಈ ಪತ್ರದ ವಿಷಯ ಹೇಳಿಲ್ಲ, ಆದರೂ ಅವಳ ಕಡೆಯಿಂದ ಮಾಮನಿಗೆ ಒಂದು ಮುತ್ತು. ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು, ಬಾಯಿಗೆ ಬಟ್ಟೆ ಕಟ್ಟಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಜಗಳಗಂಟಿ
ಅಕ್ಕ

ಮತ್ತೆ: ಬುಧವಾರ ಬೆಳಗ್ಗೆ, ಅಂಚೆ ಡಬ್ಬಿಗೆ ಹಾಕುವ ಮುಂಚೆ ಅವಸರದಲ್ಲಿ. ನಿನ್ನೆ ನಿನಗೆ ಗೋಡೆಯ ಪಟ್ಟಿಯ ವಿಷಯ ಬರೆಯುವಾಗಲೇ ಹೊಳೆಯಿತು, ತಿದ್ದಿದ್ದು ಚೀಟಿಯ ಫಿಲ್ಟರನ್ನು ಮಾತ್ರ, ಪಟ್ಟಿಗೆ ನಕಲು ಮಾಡಿದ ಸಾಲು ಹಾಗೇ ಉಳಿದಿತ್ತು. ಸಂಜೆ ಬೀಗ ಹಾಕುವ ಮೊದಲು ಅದನ್ನೂ ತಿದ್ದಿದೆ, ಪಾಪ ಮೇಸ್ತ್ರಿ ಇನ್ನಾದರೂ ದಿನಾ ಬದುಕಿರಲಿ ಎಂದು. ಈ ಬೆಳಗ್ಗೆ ಪಟ್ಟಿ ಬಂತು. ಮೇಸ್ತ್ರಿ, ನಾಲ್ಕು. ಹೊಲಿಗೆಯಕ್ಕ, ಐದು. ಪೆನ್ಸಿಲ್, ಸೊನ್ನೆ. ನೀನು ಅಂಗಡಿ ಬಿಟ್ಟು ಹೋದ ವಾರವೇ ನಾನು ನಿನ್ನ ಹೆಸರನ್ನು ಅಳಿಸುವ ಸಾಲು ಬರೆದಿದ್ದೆ. ಅಳಿಸಿದರೆ ಮೂಲದಿಂದಲೇ ಹೋಗಿಬಿಡುತ್ತದೆ ಎಂದು ಗೊತ್ತಿತ್ತು, ಆ ಸಾಲನ್ನು ಚಲಾಯಿಸಲು ಕೈ ಬರಲಿಲ್ಲ. ಪಟ್ಟಿಯಲ್ಲಿ ನಿನ್ನ ಹೆಸರು ಹೇಗೂ ಕಾಣುತ್ತಿರಲಿಲ್ಲ, ಆಮೇಲೆ ಮರೆತೇ ಹೋಯಿತು. ಅಂದರೆ ಇಷ್ಟು ದಿನವೂ ನೀನು ಒಳಗೇ ಇದ್ದೆ. ಮೇಸ್ತ್ರಿ ಪಟ್ಟಿಯ ಮುಂದೆ ನಿಂತು ಎರಡು ಸಲ ಓದಿದರು. ಹೋಗಿ ನಿನ್ನ ಸ್ಟೂಲಿನ ಮೇಲಿದ್ದ ಚರ್ಮದ ತುಂಡುಗಳನ್ನೆಲ್ಲ ಎತ್ತಿ ನೆಲಕ್ಕಿಟ್ಟು, ತಮ್ಮ ಏಪ್ರನ್ನಿನಿಂದ ಒರೆಸಿದರು. ಪಟ್ಟಿ ಗೋಡೆಯ ಮೇಲೆ ಇದೆ, ನಾಳೆಯೂ ನಿನ್ನ ಹೆಸರು ಬರುತ್ತದೆ, ನಾಡಿದ್ದೂ ಬರುತ್ತದೆ. ಆ ಸೊನ್ನೆಯನ್ನು ದಿನಾ ನೋಡಲು ನನ್ನಿಂದ ಆಗುವುದಿಲ್ಲ. ಬಾರೋ.